ಕ್ಯಾಲ್ಕುಲಸ್ ಪಾಠ ಎಲ್ಲಿಂದ ಶುರು ಮಾಡೋದು? ಲಿಮಿಟ್ ಇಂದ ಅಂತೂ ಬೇಡ

ಪ್ರಶ್ನೆ: ನಾನು ಹನ್ನೊಂದು, ಹನ್ನೆರಡನೇ ಕ್ಲಾಸಿಗೆ ಮ್ಯಾಥ್ಸ್ ತಗೋತೀನಿ, ಆರು ವರ್ಷ ಆಯ್ತು. ನನ್ನ ಮಕ್ಕಳು ಸೈನ್, ಲಾಗ್, ಯಾವುದರ ಡೆರಿವೇಟಿವ್ (ಅಂದ್ರೆ ಆ ಕ್ಷಣದ ಬದಲಾವಣೆಯ ದರ) ಕೇಳಿದ್ರೂ ನಿದ್ದೆಗಣ್ಣಲ್ಲೂ ಹೇಳ್ತಾರೆ. ಆದ್ರೆ ‘ಈಗ ನೀನು ಕಂಡುಹಿಡಿದಿದ್ದು ಏನಪ್ಪಾ’ ಅಂತ ಕೇಳಿದ್ರೆ ಮುಖ ಮುಖ ನೋಡ್ಕೋತಾರೆ. ಲಿಮಿಟ್ ಡೆಫಿನಿಶನ್ ಇಂದ ಶುರು ಮಾಡಿದ್ರೆ ಮೊದಲ ವಾರಕ್ಕೇ ಅರ್ಧ ಕ್ಲಾಸು ಕೈ ಬಿಟ್ಟು ಹೋಗತ್ತೆ, ಅದನ್ನ ಬಿಟ್ರೆ ಬರೀ ಫಾರ್ಮುಲಾ ಗಿಣಿಪಾಠ. ಎಲ್ಲಿಂದ ಶುರು ಮಾಡ್ಲಿ? ಎಪ್ಸಿಲಾನ್-ಡೆಲ್ಟಾ, ಅಂದ್ರೆ ಲಿಮಿಟ್‌ನ ಕಟ್ಟುನಿಟ್ಟಿನ ಡೆಫಿನಿಶನ್ನು, ಈ ವಯಸ್ಸಿಗೆ ಬೇಕಾ? ಗ್ರಾಫ್ ಸಾಫ್ಟ್‌ವೇರ್ ಇಂದ ಏನಾದ್ರೂ ಪ್ರಯೋಜನ ಇದ್ಯಾ? ಇದೆಲ್ಲಾ ಮಾಡ್ತಾ ಕೂತ್ರೆ ಪೋರ್ಷನ್ ಮುಗಿಯಲ್ಲ ಅಂತಾರೆ ನಮ್ಮ ಸೀನಿಯರ್ಸ್, ಅವರಿಗೆ ಏನು ಹೇಳ್ಲಿ?

ಉತ್ತರ: ಮೇಡಂ, ನಿಮ್ಮ ಪ್ರಶ್ನೆ ಓದ್ತಿದ್ದ ಹಾಗೇ ನನ್ನ ಮೊದಲ ವರ್ಷದ ಕ್ಲಾಸು ಕಣ್ಮುಂದೆ ಬಂತು. ಎಂಎಸ್ಸಿ ಮುಗಿಸಿ ಹೊಸದಾಗಿ ಸೇರಿದ್ದೆ, ರಿಯಲ್ ಅನಾಲಿಸಿಸ್ ಅರೆದು ಕುಡಿದಿದ್ದೀನಿ ಅನ್ನೋ ಜಂಬ ಬೇರೆ, ಮೊದಲನೇ ದಿನವೇ ಬೋರ್ಡ್ ಮೇಲೆ ‘ಪ್ರತಿ ಎಪ್ಸಿಲಾನ್‌ಗೂ ಒಂದು ಡೆಲ್ಟಾ ಇದ್ದೇ ಇರತ್ತೆ’ ಅಂತ ಬರೆದು ಮೂರು ವಾರ ಅದನ್ನೇ ಎಳೆದೆ. ಮೂರನೇ ವಾರ ಹಿಂದಿನ ಬೆಂಚಿನ ಹುಡುಗ ಒಬ್ಬ ಎದ್ದು ನಿಂತು, ತಲೆಹರಟೆ ಅಲ್ಲ, ಪಾಪ ನಿಜವಾಗ್ಲೂ ಗೊತ್ತಾಗ್ದೇನೇ, "ಸರ್, ಇದು ಯಾವ ಪ್ರಶ್ನೆಗೆ ಉತ್ತರ?" ಅಂದ. ನನ್ನ ಹತ್ರ ಹೇಳಕ್ಕೆ ಏನೂ ಇರ್ಲಿಲ್ಲ. ಯಾಕಂದ್ರೆ ಆ ಪ್ರಶ್ನೆನ ನಾನು ಕ್ಲಾಸಲ್ಲಿ ಎತ್ತೇ ಇರ್ಲಿಲ್ಲ! ಉತ್ತರ ಮಾತ್ರ ತಗೊಂಡು ಹೋಗಿ ಮೇಜಿನ ಮೇಲೆ ಇಟ್ಟಿದ್ದೆ.

ನಾನು ಇವತ್ತು ನಿಮಗೆ ಹೇಳೋದೆಲ್ಲಾ ಆ ಹುಡುಗನ ಪ್ರಶ್ನೆ ಸುತ್ತಾನೇ. ಲಿಮಿಟ್ ಅನ್ನೋದು ಒಂದು ಡೌಟ್‌ಗೆ ಸಿಕ್ಕ ಉತ್ತರ. ಡೌಟ್ ಹುಟ್ಟಿರದ ತಲೆಗೆ ಆ ಉತ್ತರ ಕೊಟ್ರೆ ಅದು ಕೂರಲ್ಲ.

ಹಿಸ್ಟರಿನೇ ನೋಡಿ. ಆರ್ಕಿಮಿಡೀಸ್ ಪ್ಯಾರಾಬೋಲಾದ ಒಂದು ತುಂಡಿನ ಏರಿಯಾ ಅದರೊಳಗಿನ ಟ್ರಯಾಂಗಲ್‌ನ 4/3ರಷ್ಟು ಅಂತ ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ ತೋರ್ಸಿದ್ದ, ಅಂದ್ರೆ ಇಂಟಿಗ್ರೇಶನ್ (ಚಿಕ್ಕ ಚಿಕ್ಕ ತುಂಡು ಕೂಡಿಸಿ ಒಟ್ಟು ಕಂಡುಹಿಡಿಯೋದು) ಐಡಿಯಾ ಮೊದಲು ಬಂತು. ಭಾಸ್ಕರಾಚಾರ್ಯ 1150ರ ಹೊತ್ತಿಗೆ ಗ್ರಹಗಳ ‘ತಾತ್ಕಾಲಿಕ ಗತಿ’ ಲೆಕ್ಕ ಹಾಕ್ತಿದ್ದ, ಇಡೀ ದಿನದ ಸರಾಸರಿ ಅಲ್ಲ, ಆ ಗಳಿಗೆಯ ಸ್ಪೀಡು. 14ನೇ ಶತಮಾನದಲ್ಲಿ ಕೇರಳದ ಮಾಧವ ಪೈ ಬೆಲೆಗೆ ಮುಗಿಯದ ಸೀರೀಸ್ ಕೊಟ್ಟ. ನ್ಯೂಟನ್ 1660ರ ದಶಕದಲ್ಲಿ ಕ್ಯಾಲ್ಕುಲಸ್ ಕೆಲಸ ಶುರು ಮಾಡಿದ, ಲೈಬ್ನಿಟ್ಸ್ 1684ರಲ್ಲಿ ತನ್ನ ಡಿಫರೆನ್ಶಿಯಲ್ ವಿಧಾನ ಪ್ರಿಂಟ್ ಮಾಡಿಸಿದ. ಆಮೇಲೆ ಬರ್ನೂಲಿ, ಆಯ್ಲರ್, ಲಗ್ರಾಂಜ್ ಎಲ್ಲಾ ಸೇರಿ ಬೆಟ್ಟದಷ್ಟು ಗಣಿತ ಮಾಡಿ ಹಾಕಿದ್ರು. ಲಿಮಿಟ್ ಅನ್ನೋದನ್ನ ಅಡಿಪಾಯವಾಗಿ ಕೋಶಿ ಇಟ್ಟಿದ್ದು ಯಾವಾಗ? 1821ರಲ್ಲಿ! ನಾವು ಇವತ್ತು ಬರೆಯೋ ಎಪ್ಸಿಲಾನ್-ಡೆಲ್ಟಾ ರೂಪಕ್ಕೆ ವೈಯರ್‌ಸ್ಟ್ರಾಸ್ ತಂದಿದ್ದು ಇನ್ನೂ ಆಮೇಲೆ. ಲೈಬ್ನಿಟ್ಸ್ ಇಂದ ಕೋಶಿ ತನಕ ಲೆಕ್ಕ ಹಾಕಿದ್ರೂ 137 ವರ್ಷ. ಅಷ್ಟು ದೊಡ್ಡ ದೊಡ್ಡ ತಲೆಗಳಿಗೆ ಬೇಡವಾಗಿದ್ದ ಡೆಫಿನಿಶನ್ನು ಹದಿನಾರು ವರ್ಷದ ಮಗುವಿಗೆ ಮೊದಲ ಪೀರಿಯಡ್‌ನಲ್ಲೇ ಬೇಕು ಅಂತ ಯಾರು ತೀರ್ಮಾನ ಮಾಡಿದ್ರೋ. ಹಿಸ್ಟರಿಯಲ್ಲಿ ಕೂಡಿಸೋದು, ಬದಲಾವಣೆ, ಸೀರೀಸ್, ಲಿಮಿಟ್ ಅನ್ನೋ ಕ್ರಮ ಇದ್ರೆ ಪಠ್ಯದಲ್ಲಿ ಮೊದಲಿಗೆ ಲಿಮಿಟ್, ಕೊನೆಗೆ ಸೀರೀಸ್, ಹೆಚ್ಚುಕಮ್ಮಿ ತಲೆಕೆಳಗು. ಹಾಗಂತ ಹಿಸ್ಟರಿ ಕ್ರಮದಲ್ಲೇ ಪಾಠ ಮಾಡ್ಬೇಕು ಅಂತ ನಾನು ಹೇಳ್ತಿಲ್ಲ, ಹಾಗೆ ಮಾಡಿದ್ರೆ ಭಿನ್ನರಾಶಿ ಮುಗಿಯೋಷ್ಟರಲ್ಲಿ ಮಕ್ಕಳಿಗೆ ಮದುವೆ ವಯಸ್ಸಾಗಿರತ್ತೆ. ಆದ್ರೆ ಯಾವ ಐಡಿಯಾಗೆ ಯಾವುದು ತಾಯಿಬೇರು ಅನ್ನೋದಂತೂ ಇದ್ರಿಂದ ಗೊತ್ತಾಗತ್ತೆ.

ಸರಿ, ಕ್ಲಾಸಲ್ಲಿ ಏನು ಮಾಡೋದು ಅಂದ್ರೆ. ನಾನು ಈಗ ಮೊದಲ ದಿನ ‘ಡೆರಿವೇಟಿವ್’ ಅನ್ನೋ ಪದವನ್ನೇ ಬಾಯಿಗೆ ತರಲ್ಲ. ಒಂದು ಗಾಡಿ ಟಿ ಸೆಕೆಂಡಿಗೆ ಟಿ ಸ್ಕ್ವೇರ್ ಮೀಟರ್ ದೂರ ಹೋಗಿರತ್ತೆ, ಸರಿಯಾಗಿ 3ನೇ ಸೆಕೆಂಡಲ್ಲಿ ಸ್ಪೀಡೋಮೀಟರ್ ಮುಳ್ಳು ಎಷ್ಟು ತೋರಿಸ್ತಿರತ್ತೆ ಅಂತ ಕೇಳ್ತೀನಿ. ಏನೂ ಹೇಳ್ಕೊಡಲ್ಲ, ಸುಮ್ನೆ ಕೂತ್ಕೋತೀನಿ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬರು 3ರಿಂದ 4ಕ್ಕೆ ಆವರೇಜ್ ತಗೋತಾರೆ, 16ರಲ್ಲಿ 9 ಕಳೆದ್ರೆ 7. ಇನ್ನೊಬ್ಬಳು ‘ಒಂದು ಸೆಕೆಂಡು ಜಾಸ್ತಿ ಆಯ್ತು, ಅರ್ಧ ಸೆಕೆಂಡ್ ತಗೊಳೋಣ’ ಅಂತಾಳೆ, 6.5 ಬರತ್ತೆ. 0.1 ಸೆಕೆಂಡಿಗೆ 6.1, 0.01ಕ್ಕೆ 6.01. ಅಷ್ಟೊತ್ತಿಗೆ ಇಡೀ ಕ್ಲಾಸು ‘6, 6’ ಅಂತ ಕೂಗ್ತಿರತ್ತೆ. ಆಗ ನಾನು ತಣ್ಣೀರು ಎರಚ್ತೀನಿ. 6 ಅಂತ ಹೇಗೆ ಹೇಳ್ತೀರಿ? ಯಾವ ಸಾಲಲ್ಲೂ 6 ಬಂದಿಲ್ವಲ್ಲ? ಸರಿಯಾಗಿ 3ನೇ ಸೆಕೆಂಡಲ್ಲಿ ಗಾಡಿ ಹೋದ ದೂರ ಸೊನ್ನೆ, ತಗೊಂಡ ಟೈಮೂ ಸೊನ್ನೆ, ಸೊನ್ನೆ ಬೈ ಸೊನ್ನೆ 6 ಆಗೋದು ಯಾವ ಊರಿನ ನ್ಯಾಯ? ಆಲ್ಜಿಬ್ರಾ ಮಾಡಿ ತೋರ್ಸ್ತೀವಿ ಅಂತ ಬರ್ತಾರೆ, 3ರ ಆಮೇಲಿನ ಆ ಚಿಕ್ಕ ಟೈಮನ್ನ ಎಚ್ ಅಂತ ಇಟ್ಕೊಂಡು, 6 ಎಚ್ ಪ್ಲಸ್ ಎಚ್ ಸ್ಕ್ವೇರ್ ಬೈ ಎಚ್, ಎಚ್ ಹೊಡೆದು ಹಾಕಿದ್ರೆ 6 ಪ್ಲಸ್ ಎಚ್, ಈಗ ಎಚ್ ಸೊನ್ನೆ ಮಾಡಿದ್ರೆ 6. ಒಂದ್ನಿಮಿಷ, ಎಚ್‌ನ ಹೊಡೆದು ಹಾಕುವಾಗ ಅದು ಸೊನ್ನೆ ಅಲ್ಲ ಅಂದ್ರಿ, ಮುಂದಿನ ಸಾಲಲ್ಲೇ ಸೊನ್ನೆ ಅಂದ್ರಿ, ಯಾವುದಾದ್ರೂ ಒಂದು ಹೇಳಿ!

ಈ ಜಗಳವನ್ನೇ 1734ರಲ್ಲಿ ಬರ್ಕ್ಲಿ ಅನ್ನೋ ಐರ್ಲೆಂಡಿನ ಪಾದ್ರಿ ನ್ಯೂಟನ್ ಕಡೆಯವರ ಮೇಲೆ ತೆಗೆದಿದ್ದು, ನಿಮ್ಮ ಈ ಚಿಕ್ಕ ಚಿಕ್ಕ ಸಂಖ್ಯೆಗಳು ಏನು, ಸತ್ತ ಸಂಖ್ಯೆಗಳ ದೆವ್ವಗಳಾ ಅಂತ ಗೇಲಿ ಮಾಡಿದ್ದ. ಇದನ್ನ ಮಕ್ಕಳಿಗೆ ಹೇಳಿ ಮೇಡಂ. ತಮಗೆ ಬಂದ ಡೌಟು ಯುರೋಪಿನ ದೊಡ್ಡ ದೊಡ್ಡವರಿಗೆ ನೂರು ವರ್ಷ ನಿದ್ದೆ ಕೆಡಿಸಿತ್ತು ಅಂತ ಗೊತ್ತಾದ್ರೆ ಅವರ ಬೆನ್ನು ನೆಟ್ಟಗಾಗತ್ತೆ. ಲಿಮಿಟ್ ಪಾಠಕ್ಕೆ ಬಾಗಿಲು ತೆರೆಯೋದು ಈಗ. ‘ಎಚ್ ಯಾವತ್ತೂ ಸೊನ್ನೆ ಆಗಲ್ಲ, ಆದ್ರೆ ಆವರೇಜ್ ಸ್ಪೀಡನ್ನ 6ಕ್ಕೆ ಎಷ್ಟು ಹತ್ತಿರ ಬೇಕು ಹೇಳು, ಅಷ್ಟು ಹತ್ತಿರ ತಂದು ತೋರಿಸ್ತೀನಿ’ ಅನ್ನೋ ಚಾಲೆಂಜ್ ಇದ್ಯಲ್ಲ, ಲಿಮಿಟ್ ಅಂದ್ರೆ ಅಷ್ಟೇ.

ಎಪ್ಸಿಲಾನ್-ಡೆಲ್ಟಾ ಬೇಕಾ ಅಂದ್ರಿ. ಚಿಹ್ನೆಗಳು ಸ್ಕೂಲಿಗೆ ಬೇಡ, ಐಡಿಯಾ ಬೇಕೇ ಬೇಕು. 9 ಚದರ ಸೆಂಟಿಮೀಟರ್ ಏರಿಯಾದ ಚೌಕ ತಗಡು ಕತ್ತರಿಸ್ಬೇಕು, ಏರಿಯಾದಲ್ಲಿ 0.1ಕ್ಕಿಂತ ಜಾಸ್ತಿ ತಪ್ಪು ಬರಬಾರದು, ಬದಿಯ ಅಳತೆಯಲ್ಲಿ ಎಷ್ಟು ತಪ್ಪು ನಡೆಯತ್ತೆ ಅಂತ ಕೇಳಿ. ಕ್ಯಾಲ್ಕುಲೇಟರ್ ಇಟ್ಕೊಂಡು ತಡಕಾಡಿ 0.016 ತನಕ ಪರವಾಗಿಲ್ಲ ಅಂತ ಅವರೇ ಕಂಡ್ಕೋತಾರೆ, 3.016ರ ಸ್ಕ್ವೇರ್ 9.096. ತಪ್ಪು 0.01ಕ್ಕಿಂತ ಕಮ್ಮಿ ಇರ್ಬೇಕು ಅಂದ್ರೆ 0.0016. ಗಿರಾಕಿ ಎಷ್ಟೇ ಕಿರಿಕಿರಿ ಮಾಡಿದ್ರೂ ಕೆಲಸದವನ ಹತ್ರ ಒಂದು ಉತ್ತರ ಇದ್ದೇ ಇರತ್ತೆ. ಗಿರಾಕಿಯ ಬೇಡಿಕೆ ಎಪ್ಸಿಲಾನ್, ಕೆಲಸದವನ ಉತ್ತರ ಡೆಲ್ಟಾ. ಮುಂದೆ ಡಿಗ್ರಿಯಲ್ಲಿ ಗ್ರೀಕ್ ಅಕ್ಷರ ಬಂದಾಗ ಹಳೇ ಪರಿಚಯದವರು ಸಿಕ್ಕ ಹಾಗಾಗತ್ತೆ. ಮಾಧವನ ಸೀರೀಸ್ ಕೂಡ ಇದಕ್ಕೆ ಚೆನ್ನಾಗಿದೆ, 1 ಮೈನಸ್ 1/3 ಪ್ಲಸ್ 1/5 ಮೈನಸ್ 1/7 ಹೀಗೇ ಹೋಗಿ 4ರಿಂದ ಗುಣಿಸಿದ್ರೆ ಪೈ. 100 ಪದ ಕೂಡಿದ್ರೂ ಸುಮಾರು 0.01 ತಪ್ಪು ಉಳಿದಿರತ್ತೆ, 0.001ಕ್ಕೆ ಇಳಿಸಬೇಕಾದ್ರೆ ಹೆಚ್ಚುಕಮ್ಮಿ 1000 ಪದ ಬೇಕು. ಮೊಂಡು ಸೀರೀಸು, ಆದ್ರೆ ‘ಎಷ್ಟು ಹತ್ತಿರ ಬೇಕು, ಅದಕ್ಕೆ ಎಷ್ಟು ದೂರ ನಡೀಬೇಕು’ ಅನ್ನೋದು ಕೈಗೆ ಸಿಗೋ ಹಾಗೆ ಕಾಣತ್ತೆ. (ಮಾಧವನ ಕಡೆಯವರಿಗೂ ಇದು ಮೊಂಡು ಅಂತ ಗೊತ್ತಿತ್ತು, ಅದಕ್ಕೇ ಕೊನೆಯಲ್ಲಿ ಒಂದು ತಿದ್ದುಪಡಿ ಪದ ಸೇರಿಸಿ ಬೇಗ ಹತ್ತಿರ ತರೋ ಉಪಾಯವನ್ನೂ ಮಾಡಿದ್ರು.)

ಒಂದು ಎಚ್ಚರಿಕೆ ಇಲ್ಲೇ ಹೇಳ್ಬಿಡ್ತೀನಿ. ಮಕ್ಕಳ ತಲೆಯಲ್ಲಿ ಪದಗಳು ಖಾಲಿಯಾಗಿ ಬಂದು ಕೂತಿರಲ್ಲ. ‘ಲಿಮಿಟ್’ ಅಂದ ತಕ್ಷಣ ಸ್ಪೀಡ್ ಲಿಮಿಟ್ ನೆನಪಾಗತ್ತೆ, ಅಂದ್ರೆ ದಾಟಬಾರದ ಗೆರೆ, ಇಲ್ಲಾ ‘ಹತ್ತಿರ ಹೋಗತ್ತೆ ಆದ್ರೆ ಮುಟ್ಟಲ್ಲ’. ಬದಲಾಗದ ಫಂಕ್ಷನ್ (ಒಂದು ಸಂಖ್ಯೆ ಕೊಟ್ರೆ ಇನ್ನೊಂದು ಸಂಖ್ಯೆ ಕೊಡೋ ನಿಯಮ), ಸದಾ 5 ಅಂತಿರೋದರ ಲಿಮಿಟ್ ಎಷ್ಟು ಅಂತ ಕೇಳಿ ನೋಡಿ, ಕೆಲವರು ‘ಇಲ್ಲ ಸರ್, ಅದು ಆಗ್ಲೇ ಮುಟ್ಬಿಟ್ಟಿದೆ’ ಅಂತಾರೆ! ಟ್ಯಾಂಜೆಂಟ್ ಅಂದ್ರೆ ‘ಒಂದೇ ಕಡೆ ಮುಟ್ಟೋ ಗೆರೆ’ ಅಂತ ಸರ್ಕಲ್ ಪಾಠದಿಂದ ಹೊತ್ಕೊಂಡು ಬಂದಿರ್ತಾರೆ, ಆದ್ರೆ ವೈ ಈಕ್ವಲ್ಸ್ 1 ಅನ್ನೋ ಗೆರೆ ಸೈನ್ ಗ್ರಾಫ್‌ಗೆ ಲೆಕ್ಕವಿಲ್ಲದಷ್ಟು ಕಡೆ ಟ್ಯಾಂಜೆಂಟು, ಎಕ್ಸ್ ಕ್ಯೂಬ್ ಗ್ರಾಫಿಗೆ ಸೊನ್ನೆಯಲ್ಲಿ ಟ್ಯಾಂಜೆಂಟು ಗ್ರಾಫನ್ನೇ ಸೀಳಿಕೊಂಡು ಆಚೆ ಹೋಗತ್ತೆ. ಗಣಿತ ಕಲಿಕೆ ಬಗ್ಗೆ ಸಂಶೋಧನೆ ಮಾಡಿದ ಡೇವಿಡ್ ಟಾಲ್ ಮತ್ತೆ ಶ್ಲೋಮೋ ವಿನ್ನರ್ 1981ರ ಲೇಖನದಲ್ಲಿ ಇದನ್ನ ‘ಕಾನ್ಸೆಪ್ಟ್ ಇಮೇಜ್’ ಅಂತ ಕರೆದ್ರು, ಡೆಫಿನಿಶನ್ ಬೇರೆ, ತಲೆಯಲ್ಲಿರೋ ಚಿತ್ರ ಬೇರೆ, ಲೆಕ್ಕ ಮಾಡುವಾಗ ಕೈ ಹಿಡಿಯೋದು ಚಿತ್ರ. ಅದಕ್ಕೇ ನಾನು ಡೆಫಿನಿಶನ್ ಹೇಳೋ ಮುಂಚೆ ‘ಟ್ಯಾಂಜೆಂಟ್ ಅಂದ್ರೆ ನಿಮ್ಮ ಮಾತಲ್ಲಿ ಏನು’ ಅಂತ ಚೀಟಿಯಲ್ಲಿ ಬರೆಸ್ತೀನಿ. ಆ ಚೀಟಿಗಳು ನನಗೆ ಯಾವ ಟೆಕ್ಸ್ಟ್ ಬುಕ್ಕಿಗಿಂತ ಹೆಚ್ಚು ಕಲಿಸಿವೆ.

ಇನ್ನು ಫಾರ್ಮುಲಾಗಳು. ಅವು ಬೇಡ ಅಂತ ನಾನು ಯಾವತ್ತೂ ಹೇಳಲ್ಲ, ಕೈಗೆ ಅಭ್ಯಾಸ ಬೇಕೇ ಬೇಕು, ಆದ್ರೆ ಪ್ರತಿ ಫಾರ್ಮುಲಾಗೂ ಒಂದು ಚಿತ್ರ ಜೊತೆಗಿರ್ಲಿ. ಬದಿ ಎಕ್ಸ್ ಇರೋ ಚೌಕ ಸ್ವಲ್ಪ ಬೆಳೀತು ಅಂದ್ಕೊಳ್ಳಿ, ಎರಡು ಬದಿಗೆ ಎರಡು ಪಟ್ಟಿ ಸೇರತ್ತೆ, ಮೂಲೆಯಲ್ಲಿ ಒಂದು ಚಿಕ್ಕ ಚೌಕ. ಬದಿ 10, ಬೆಳವಣಿಗೆ 0.1 ಆದ್ರೆ ಪಟ್ಟಿಗಳು ಎರಡೂ ಸೇರಿ 2, ಮೂಲೆ ಬರೀ 0.01. ಎಕ್ಸ್ ಸ್ಕ್ವೇರ್‌ನ ಡೆರಿವೇಟಿವ್ ಟು ಎಕ್ಸ್ ಎಲ್ಲಿಂದ ಬಂತು ಅಂತ ಆ ಮಗು ಇನ್ನು ಯಾವತ್ತೂ ಮರೆಯಲ್ಲ. ಅದೇ ಚಿತ್ರ ಆಯತಕ್ಕೆ ಹಾಕಿದ್ರೆ ಪ್ರಾಡಕ್ಟ್ ರೂಲ್, ಅಂದ್ರೆ ಎರಡು ಫಂಕ್ಷನ್ ಗುಣಿಸಿದಾಗ ಡೆರಿವೇಟಿವ್ ತಗೊಳೋ ನಿಯಮ. ಎರಡು ಫಂಕ್ಷನ್ ಗುಣಿಸಿದ್ರೆ ಡೆರಿವೇಟಿವ್‌ಗಳನ್ನೂ ಗುಣಿಸಿದ್ರಾಯ್ತು ಅಂತ ಮಕ್ಕಳು ಬರೆದ್ರೆ ಬೈಬೇಡಿ, ಲೈಬ್ನಿಟ್ಸ್ ತಾನೇ 1675ರ ಟಿಪ್ಪಣಿಯಲ್ಲಿ ಹಾಗಿರಬಹುದಾ ಅಂತ ಯೋಚ್ನೆ ಮಾಡಿ, ಆಮೇಲೆ ಅಲ್ಲ ಅಂತ ಕಂಡ್ಕೊಂಡಿದ್ದ.

ಈ ಚೌಕದ ಚಿತ್ರದಿಂದ ನನಗೆ ತುಂಬಾ ಇಷ್ಟವಾದ ಒಂದು ಪ್ರಶ್ನೆ ಹುಟ್ಟತ್ತೆ. ಸರ್ಕಲ್ ಏರಿಯಾ ಪೈ ಆರ್ ಸ್ಕ್ವೇರ್, ಡೆರಿವೇಟಿವ್ ಟು ಪೈ ಆರ್, ಅರೆ ಇದು ಸುತ್ತಳತೆ! ಗೋಳದ ಗಾತ್ರದ ಡೆರಿವೇಟಿವ್ ತಗೊಂಡ್ರೆ ಫೋರ್ ಪೈ ಆರ್ ಸ್ಕ್ವೇರ್, ಅದರ ಮೈ ಏರಿಯಾ. ಹಾಗಾದ್ರೆ ಚೌಕದ ಏರಿಯಾದ ಡೆರಿವೇಟಿವ್ ಟು ಎಕ್ಸ್ ಯಾಕೆ, ಸುತ್ತಳತೆ ಫೋರ್ ಎಕ್ಸ್ ಅಲ್ವಾ, ಅರ್ಧ ಎಲ್ಲಿ ಹೋಯ್ತು? ಇದನ್ನ ಕೊಟ್ಟು ಎರಡು ದಿನ ಬಿಟ್ಬಿಡ್ತೀನಿ. ಯಾರಾದ್ರೂ ಒಬ್ಬರು ಬಂದೇ ಬರ್ತಾರೆ, ‘ಸರ್, ಸರ್ಕಲ್ಲು ನಡುವಿನಿಂದ ಎಲ್ಲಾ ಕಡೆಗೂ ಬೆಳೆಯತ್ತೆ, ಚೌಕ ನಾವು ಎರಡು ಬದಿಗೆ ಮಾತ್ರ ಬೆಳೆಸಿದ್ವಿ’ ಅಂತ. ನಡುವಿನಿಂದ ಬದಿಗಿರೋ ದೂರವನ್ನ ಆರ್ ಅಂತ ತಗೊಂಡ್ರೆ ಏರಿಯಾ ಫೋರ್ ಆರ್ ಸ್ಕ್ವೇರ್, ಡೆರಿವೇಟಿವ್ ಏಟ್ ಆರ್, ಸುತ್ತಳತೆಗೆ ಸರಿಯಾಗಿ ಕೂತ್ಕೋತು. ಯಾವುದರ ಜೊತೆ ಯಾವುದು ಬದಲಾಗ್ತಿದೆ ಅನ್ನೋ ಪ್ರಶ್ನೆ ಇಲ್ಲದೆ ಡೆರಿವೇಟಿವ್ ಅನ್ನೋ ಮಾತಿಗೆ ಅರ್ಥಾನೇ ಇಲ್ಲ ಅಂತ ಈ ಒಂದು ಲೆಕ್ಕ ಹೇಳಿಬಿಡತ್ತೆ, ನಲವತ್ತು ಲೆಕ್ಕದ ಎಕ್ಸರ್ಸೈಜ್ ಹೇಳಲ್ಲ.

ಇಂಟಿಗ್ರೇಶನ್ ವಿಷಯಕ್ಕೆ ಬಂದ್ರೆ ನನಗೆ ಬೇಜಾರಾಗೋದು ಒಂದೇ, ‘ಡಿಫರೆನ್ಶಿಯೇಶನ್ ಉಲ್ಟಾ’ ಅಂತ ಶುರು ಮಾಡ್ತೀವಿ, ಎರಡು ತಿಂಗಳು ಬಿಟ್ಟು ‘ಅದೇ ಏರಿಯಾ ಕೂಡ’ ಅಂತೀವಿ, ಮಕ್ಕಳು ತಲೆ ಆಡಿಸ್ತಾರೆ. ಉಲ್ಟಾ ಮಾಡಿದ್ರೆ ಏರಿಯಾ ಯಾಕೆ ಬರ್ಬೇಕು ಅಂತ ಯಾರೂ ಕೇಳಲ್ಲ! ಗಣಿತದಲ್ಲೇ ಅತಿ ದೊಡ್ಡ ಆಶ್ಚರ್ಯಗಳಲ್ಲಿ ಒಂದನ್ನ ಹಾಗೇ ನುಂಗಿಸಿ ಬಿಡ್ತೀವಿ. ನೀರಿನ ತೊಟ್ಟಿ ತಗೊಳ್ಳಿ. ನಲ್ಲಿಯಿಂದ ನೀರು ಒಂದೇ ಸಮ ಬರ್ತಿಲ್ಲ, ಜಾಸ್ತಿ ಕಮ್ಮಿ ಆಗ್ತಿದೆ, ನಿಮಿಷಕ್ಕೆ ಎಷ್ಟು ಲೀಟರ್ ಅನ್ನೋ ಗ್ರಾಫ್ ಕೊಟ್ಟಿದೀವಿ. ಹತ್ತು ನಿಮಿಷಕ್ಕೆ ಒಟ್ಟು ಎಷ್ಟು ನೀರು? ಸಣ್ಣ ಸಣ್ಣ ಪಟ್ಟಿ ಮಾಡಿ ಕೂಡಿಸ್ತಾರೆ, ಅದು ಏರಿಯಾ. ಈಗ ತಿರುಗಿಸಿ ಕೇಳಿ, ಈ ಕ್ಷಣದಲ್ಲಿ ತೊಟ್ಟಿಯ ನೀರು ಎಷ್ಟು ವೇಗವಾಗಿ ಏರ್ತಿದೆ? ಮಕ್ಕಳು ನಗ್ತಾರೆ, ‘ಈ ಕ್ಷಣ ನಲ್ಲಿಯಿಂದ ಎಷ್ಟು ಬರ್ತಿದೆಯೋ ಅಷ್ಟೇ ಅಲ್ವಾ ಸರ್!’ ಅಷ್ಟೇ. ಫಂಡಮೆಂಟಲ್ ಥಿಯರಂ ಆಫ್ ಕ್ಯಾಲ್ಕುಲಸ್ ಅಂದ್ರೆ ಅಷ್ಟೇ. ಇಂಟಿಗ್ರೇಶನ್ ಉತ್ತರದ ಕೊನೆಗೆ ಪ್ಲಸ್ ಸಿ ಯಾಕೆ ಹಾಕ್ಬೇಕು ಅನ್ನೋದೂ ಇಲ್ಲೇ ಸಿಗತ್ತೆ, ನಲ್ಲಿ ಬಿಡೋಕ್ಕೆ ಮುಂಚೆ ತೊಟ್ಟಿಯಲ್ಲಿ ಎಷ್ಟಿತ್ತೋ ನಲ್ಲಿಗೇನು ಗೊತ್ತು. ಇದನ್ನ ಡಿಫರೆನ್ಶಿಯೇಶನ್ ರೂಲ್ಸ್ ಮುಗಿಯೋ ತನಕ ಕಾಯಿಸಬೇಕಾಗಿಲ್ಲ, ಮೊದಲ ವಾರದಲ್ಲೇ ಸ್ಪೀಡಿನ ಜೊತೆಜೊತೆಗೆ ತರಬಹುದು, ಟಾಮ್ ಅಪೊಸ್ಟಲ್ ಅಂತೂ ತಮ್ಮ ಕಾಲೇಜು ಪಠ್ಯದಲ್ಲಿ ಇಂಟಿಗ್ರೇಶನ್ನನ್ನೇ ಮೊದಲು ಇಟ್ಟಿದ್ರು.

ಕ್ಯಾಲ್ಕುಲಸ್‌ನಲ್ಲಿ ಬರೆಯೋ ಡಿಎಕ್ಸ್ ಅನ್ನ ಎಕ್ಸ್‌ನ ‘ತುಂಬಾ ಚಿಕ್ಕ ತುಂಡು’ ಅಂತ ಹೇಳಬಹುದಾ ಅಂತ ಕೆಲವು ಮೇಷ್ಟ್ರುಗಳಿಗೆ ಅಳುಕು ಇರತ್ತೆ. ಧಾರಾಳವಾಗಿ ಹೇಳಿ. ಫಿಸಿಕ್ಸ್‌ನವರು ದಿನಾ ಹಾಗೇ ಮಾಡ್ತಾರೆ, ಅಬ್ರಹಾಂ ರಾಬಿನ್ಸನ್ 1960ರ ದಶಕದಲ್ಲಿ ಅಂಥ ಚಿಕ್ಕ ಸಂಖ್ಯೆಗಳಿಗೂ ಗಟ್ಟಿ ತರ್ಕದ ನೆಲೆ ಕಟ್ಟಿಕೊಟ್ಟ, ಅದನ್ನೇ ಹಿಡಿದು 1976ರಲ್ಲಿ ಜೆರೋಮ್ ಕೈಸ್ಲರ್ ಮೊದಲ ವರ್ಷದ ಕಾಲೇಜು ಮಕ್ಕಳಿಗೆ ಪಠ್ಯವನ್ನೂ ಬರೆದ್ರು. ಪಾಪ ಏನೂ ಅಂಟಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋ ಮಾತು, ನಿಮ್ಮ ಪ್ರಶ್ನೆಯಲ್ಲಿ ಇದು ಇರ್ಲಿಲ್ಲ. ಕ್ಯಾಲ್ಕುಲಸ್‌ನಲ್ಲಿ ಫೇಲ್ ಆಗೋ ಮಕ್ಕಳಲ್ಲಿ ಬಹಳ ಜನ ಕ್ಯಾಲ್ಕುಲಸ್‌ನಲ್ಲಿ ಫೇಲ್ ಆಗಲ್ಲ. ಆಲ್ಜಿಬ್ರಾದಲ್ಲಿ ಆಗ್ತಾರೆ, ಫಂಕ್ಷನ್ ಅಂದ್ರೇನು ಅನ್ನೋದ್ರಲ್ಲಿ ಆಗ್ತಾರೆ. ಡೆರಿವೇಟಿವ್ ಸರಿ ತಗೊಂಡು ಮುಂದಿನ ಸಾಲಲ್ಲಿ ಎ ಪ್ಲಸ್ ಬಿ ಹೋಲ್ ಸ್ಕ್ವೇರ್‌ನ ಎ ಸ್ಕ್ವೇರ್ ಪ್ಲಸ್ ಬಿ ಸ್ಕ್ವೇರ್ ಮಾಡಿಟ್ಟಿರ್ತಾರೆ. ಅಮೆರಿಕಾದಲ್ಲಿ ಒಂದು ಫೇಮಸ್ ಲೆಕ್ಕ ಇದೆ, 1981ರಲ್ಲಿ ಪ್ರಕಟ ಆದದ್ದು. ಕಾಲೇಜಲ್ಲಿ ಪ್ರೊಫೆಸರ್‌ಗಳಿಗಿಂತ ಸ್ಟೂಡೆಂಟ್ಸ್ ಆರು ಪಟ್ಟು ಇದ್ದಾರೆ, ಎಸ್ ಮತ್ತೆ ಪಿ ಇಟ್ಟು ಸಮೀಕರಣ ಬರೀರಿ ಅಂತ. ಇಂಜಿನಿಯರಿಂಗ್ ಮೊದಲ ವರ್ಷದವರಲ್ಲೇ 37 ಪರ್ಸೆಂಟ್ ತಪ್ಪು ಮಾಡಿದ್ರು, ಜಾಸ್ತಿ ಜನ ಎಸ್ ಈಕ್ವಲ್ಸ್ 6 ಪಿ ಅನ್ನೋ ಬದಲು 6 ಎಸ್ ಈಕ್ವಲ್ಸ್ ಪಿ ಅಂತ ಉಲ್ಟಾ ಬರೆದಿದ್ರು. ನಿಮ್ಮ ಕ್ಲಾಸಲ್ಲೂ ಕೊಟ್ಟು ನೋಡಿ. ಅಕ್ಷರ ಅಂದ್ರೆ ಸಂಖ್ಯೆ ಅಂತ ಗೊತ್ತಿಲ್ಲ, ಹೆಸರಿನ ಲೇಬಲ್ ಅಂದ್ಕೊಂಡಿದ್ದಾರೆ, ಆ ಮಕ್ಕಳ ಮೇಲೆ ಡಿವೈ ಬೈ ಡಿಎಕ್ಸ್ ಹೇರಿದ್ರೆ ಅದು ಕಬ್ಬಿಣದ ಕಡಲೆ ಆಗದೆ ಇನ್ನೇನಾಗತ್ತೆ? ಮುಂಚಿನ ಕ್ಲಾಸಿನ ಟೀಚರ್‌ಗಳನ್ನ ಬೈತಾ ಕೂರೋದು ಬೇಡ, ನಾವೂ ಅದನ್ನೇ ಮಾಡ್ತೀವಿ, ಅವರು ಅವರ ಹಿಂದಿನವರನ್ನ ಬೈತಾರೆ, ಕೊನೆಗೆ ಅಂಗನವಾಡಿ ತನಕ ಹೋಗತ್ತೆ.

ಇದಕ್ಕೆ ಒಂದು ಒಳ್ಳೇ ಅಭ್ಯಾಸ ಅಂದ್ರೆ ಬಾಟಲಿ ಲೆಕ್ಕ. ತಳ ಅಗಲ ಇದ್ದು ಮೇಲೆ ಹೋಗ್ತಾ ಕುತ್ತಿಗೆ ಸಣ್ಣಗಾಗೋ ಬಾಟಲಿಗೆ ಒಂದೇ ಸಮ ನೀರು ಹಾಕ್ತಿದ್ರೆ ನೀರಿನ ಎತ್ತರದ ಗ್ರಾಫ್ ಹೇಗಿರತ್ತೆ? ಕೆಲವರು ಬಾಟಲಿಯದೇ ಚಿತ್ರ ಬರೀತಾರೆ, ಕೆಲವರು ನೇರ ಗೆರೆ ಎಳೀತಾರೆ. ಕುತ್ತಿಗೆ ಹತ್ರ ಬಂದಾಗ ಎತ್ತರ ಜೋರಾಗಿ ಏರತ್ತೆ, ಗ್ರಾಫ್ ಕಡಿದಾಗತ್ತೆ, ಕುತ್ತಿಗೆ ಕೊಳವೆ ತರ ಇದ್ರೆ ಅಲ್ಲಿಂದ ನೇರ. ಎರಡು ಅಳತೆ ಜೊತೆಜೊತೆಗೆ ಹೇಗೆ ನಡೀತವೆ ಅಂತ ಮನಸ್ಸಲ್ಲಿ ಕಾಣೋದಕ್ಕೆ ಬಂದ್ರೆ ಅರ್ಧ ಕ್ಯಾಲ್ಕುಲಸ್ ಬಂದ ಹಾಗೆ, ಒಂದೂ ಫಾರ್ಮುಲಾ ಇಲ್ಲದೆ. ಇದನ್ನ ಎಂಟು, ಒಂಬತ್ತನೇ ಕ್ಲಾಸಲ್ಲೇ ಮಾಡಿಸಬಹುದು. ಹೊಸ ಮಾತೇನಲ್ಲ ಇದು, ಫೆಲಿಕ್ಸ್ ಕ್ಲೈನ್ 1905ರ ಹೊತ್ತಿಗೇ ಜರ್ಮನಿಯ ಸ್ಕೂಲುಗಳಲ್ಲಿ ‘ಫಂಕ್ಷನ್ ಮೂಲಕ ಯೋಚಿಸೋದು’ ಚಿಕ್ಕ ಕ್ಲಾಸಿಂದಾನೇ ಬೆಳೀಬೇಕು, ಅದರ ತುದಿಯಲ್ಲಿ ಕ್ಯಾಲ್ಕುಲಸ್ ಬರ್ಬೇಕು ಅಂತ ವಾದ ಮಾಡಿದ್ರು.

ಸಾಫ್ಟ್‌ವೇರ್ ಬಗ್ಗೆ. ಜಿಯೋಜೀಬ್ರಾ, ಡೆಸ್ಮೋಸ್ ಎರಡೂ ಫ್ರೀ, ಎರಡೂ ಚೆನ್ನಾಗಿವೆ. ಆದ್ರೆ ಟೀಚರ್ ಸ್ಲೈಡರ್ ಎಳೀತಾ ಮಕ್ಕಳು ಸಿನಿಮಾ ನೋಡಿದ ಹಾಗೆ ನೋಡಿದ್ರೆ ಏನೂ ಆಗಲ್ಲ. ಮೊದಲು ಊಹೆ ಬರೆಸಿ, ಆಮೇಲೆ ಬಟನ್ ಒತ್ತಿ. ಯಾವುದಾದ್ರೂ ನುಣುಪಾದ ಗ್ರಾಫ್ ತಗೊಂಡು ಒಂದು ಬಿಂದು ಹತ್ರ ಜೂಮ್ ಮಾಡ್ತಾ ಹೋಗಿ, ನೇರ ಗೆರೆ ಆಗ್ಬಿಡತ್ತೆ, ಆ ಗೆರೆಯ ಸ್ಲೋಪೇ ಡೆರಿವೇಟಿವ್. ಮಾಡ್ ಎಕ್ಸ್ (ಮೈನಸ್ ಚಿಹ್ನೆ ತೆಗೆದ ಎಕ್ಸ್ ಬೆಲೆ, ಗ್ರಾಫ್ ವಿ ಆಕಾರ) ತಗೊಂಡು ಸೊನ್ನೆ ಹತ್ರ ನೋಡಿದ್ರೆ ಎಷ್ಟು ಜೂಮ್ ಮಾಡಿದ್ರೂ ಮೂಲೆ ಮೂಲೆನೇ. ಅಲ್ಲಿಗೆ ಮಕ್ಕಳು ಸ್ಕ್ರೀನನ್ನ ದೇವರು ಅಂತ ನಂಬಕ್ಕೆ ಶುರು ಮಾಡ್ತಾರೆ, ಆಗ ಒಂದು ಏಟು ಕೊಡಿ. ಎಕ್ಸ್ ಸ್ಕ್ವೇರ್‌ಗೆ ಸೈನ್ 1000 ಎಕ್ಸ್‌ನ ಸಾವಿರದಲ್ಲಿ ಒಂದು ಭಾಗ ಸೇರಿಸಿ ಗ್ರಾಫ್ ಮಾಡಿ, ನೋಡಕ್ಕೆ ಎಕ್ಸ್ ಸ್ಕ್ವೇರೇ, ಎಳ್ಳಷ್ಟೂ ವ್ಯತ್ಯಾಸ ಇಲ್ಲ. ಸೊನ್ನೆಯಲ್ಲಿ ಸ್ಲೋಪ್ ಎಷ್ಟು? ಎಲ್ಲರೂ ಸೊನ್ನೆ ಅಂತಾರೆ. ಲೆಕ್ಕ ಹಾಕಿದ್ರೆ ಟು ಎಕ್ಸ್ ಪ್ಲಸ್ ಕಾಸ್ 1000 ಎಕ್ಸ್, ಸೊನ್ನೆಯಲ್ಲಿ 1! ಜೂಮ್ ಮಾಡಿ ನೋಡಿದ್ರೆ ಒಳಗೆಲ್ಲಾ ಅಲೆಅಲೆ. ಚಿತ್ರ ಕಣ್ಣಿಗೆ ಮೋಸ ಮಾಡತ್ತೆ, ಆಲ್ಜಿಬ್ರಾ ಕೂಡ ಬೇಕು ಅಂತ ನೀವು ಭಾಷಣ ಮಾಡೋ ಅಗತ್ಯಾನೇ ಬರಲ್ಲ.

ಚಿತ್ರ ಮಾತ್ರ ಸಾಕು ಅಂತ ಇನ್ನೊಂದು ತುದಿಗೆ ಹೋದವರೂ ಇದ್ದಾರೆ, ಅದೂ ನನಗೆ ಒಪ್ಪಿಗೆ ಇಲ್ಲ. 1986ರಲ್ಲಿ ಅಮೆರಿಕಾದ ಟುಲೇನ್ ಯೂನಿವರ್ಸಿಟಿಯಲ್ಲಿ ಒಂದು ಸಭೆ ಆಗಿ ಅಲ್ಲಿಂದ ‘ಕ್ಯಾಲ್ಕುಲಸ್ ರಿಫಾರ್ಮ್’ ಅಂತ ದೊಡ್ಡ ಅಲೆ ಎದ್ದಿತು, ಪ್ರತಿ ವಿಷಯವನ್ನೂ ಗ್ರಾಫ್, ನಂಬರ್, ಫಾರ್ಮುಲಾ ಮೂರೂ ರೀತಿ ತೋರ್ಸಿ ಅಂದ್ರು, ಆಮೇಲೆ ಮಾತಲ್ಲಿ ಹೇಳಿಸೋದನ್ನೂ ಸೇರಿಸಿದ್ರು. ಐಡಿಯಾ ಒಳ್ಳೇದೇ, ಇವತ್ತಿನ ಪಠ್ಯಗಳ ಮೇಲೆಲ್ಲಾ ಅದರ ನೆರಳಿದೆ. ಆದ್ರೆ ಕೈ ಲೆಕ್ಕ ಸಡಿಲ ಆಯ್ತು, ಪ್ರೂಫ್ ಮಾಯ ಆಯ್ತು ಅಂತ ಬೈದವರೂ ಕಮ್ಮಿ ಇರ್ಲಿಲ್ಲ. ನನ್ನ ಪ್ರಕಾರ ಇಬ್ಬರೂ ಅರ್ಧ ಅರ್ಧ ಸರಿ. ಚೈನ್ ರೂಲ್ (ಫಂಕ್ಷನ್ ಒಳಗೆ ಫಂಕ್ಷನ್ ಇದ್ದಾಗ ಡೆರಿವೇಟಿವ್ ತಗೊಳೋ ನಿಯಮ) ಯೋಚನೆ ಮಾಡದೆ ಕೈಯಲ್ಲಿ ಬರೋಷ್ಟು ಅಭ್ಯಾಸ ಇಲ್ಲದವನಿಗೆ ಮುಂದೆ ಡಿಫರೆನ್ಶಿಯಲ್ ಈಕ್ವೇಶನ್ ಬಂದಾಗ ಪ್ರತಿ ಸಾಲಲ್ಲೂ ಎಡವೋದೇ ಕೆಲಸ ಆಗತ್ತೆ.

ಬರೀ ಅಭ್ಯಾಸ ಎಷ್ಟು ದೂರ ಕರ್ಕೊಂಡು ಹೋಗತ್ತೆ ಅನ್ನೋದಕ್ಕೆ ಇನ್ನೊಂದು. 1989ರಲ್ಲಿ ಪ್ರಕಟವಾದ ಸ್ಟಡಿ, ಕ್ಯಾಲ್ಕುಲಸ್ ಕೋರ್ಸ್‌ನ ಸಿ ಗ್ರೇಡಲ್ಲಿ ಪಾಸ್ ಮಾಡಿದ 17 ಮಂದಿಗೆ ಐದು ಲೆಕ್ಕ ಕೊಟ್ರು, ಹೊಸ ವಿಷಯ ಏನಿಲ್ಲ, ಕಲಿತಿದ್ದೇ, ಆದ್ರೆ ಯಾವ ಫಾರ್ಮುಲಾ ಹಾಕ್ಬೇಕು ಅಂತ ಲೆಕ್ಕದ ಮುಖದ ಮೇಲೆ ಬರೆದಿರ್ಲಿಲ್ಲ. ಒಬ್ಬರೂ ಒಂದು ಲೆಕ್ಕವನ್ನೂ ಪೂರ್ತಿ ಸರಿ ಮಾಡ್ಲಿಲ್ಲ. ನಿಮ್ಮ ಮಕ್ಕಳು ಮುಖ ಮುಖ ನೋಡ್ಕೊಳೋದು ನಿಮ್ಮೊಬ್ಬರ ಕ್ಲಾಸಿನ ಕಥೆ ಅಲ್ಲ ಮೇಡಂ.

ಹಾಗಾಗಿ ಟೆಸ್ಟ್ ಪೇಪರ್ ಬದಲಾಯಿಸಿ, ಮಕ್ಕಳು ಓದೋದು ಅದನ್ನ ನೋಡ್ಕೊಂಡೇ. ಬೋರ್ಡ್ ಪರೀಕ್ಷೆ ನಮ್ಮ ಕೈಯಲ್ಲಿಲ್ಲ, ವಾರದ ಟೆಸ್ಟ್ ಇದೆ. ಹತ್ತು ಲೆಕ್ಕದಲ್ಲಿ ಎರಡು ಈ ತರ ಇಡಿ. ತೊಟ್ಟಿಯ ನೀರು ವಿ ಲೀಟರ್, ಟೈಮ್ ನಿಮಿಷದಲ್ಲಿ, 5ನೇ ನಿಮಿಷದಲ್ಲಿ ವಿ ಡ್ಯಾಶ್ ಮೈನಸ್ 2, ಇದನ್ನ ಗಣಿತ ಗೊತ್ತಿಲ್ಲದವರಿಗೆ ಒಂದು ವಾಕ್ಯದಲ್ಲಿ ಹೇಳು. ‘ಐದು ನಿಮಿಷದಲ್ಲಿ ಎರಡು ಲೀಟರ್ ಕಮ್ಮಿ ಆಯ್ತು’ ಅಂತ ಬರೆಯೋರೇ ಜಾಸ್ತಿ, ಆ ಕ್ಷಣದಲ್ಲಿ ನಿಮಿಷಕ್ಕೆ ಎರಡು ಲೀಟರ್ ಲೆಕ್ಕದಲ್ಲಿ ಇಳೀತಿದೆ ಅನ್ನೋದಕ್ಕೂ ಅದಕ್ಕೂ ಇರೋ ದೂರದಲ್ಲೇ ಇಡೀ ವಿಷಯ ಇದೆ. ಇಲ್ಲಾ ಡೆರಿವೇಟಿವ್ ಗ್ರಾಫ್ ಕೊಟ್ಟು ಮೂಲ ಫಂಕ್ಷನ್ ಬರೆಸಿ. ಇಲ್ಲಾ ತಪ್ಪು ಮಾಡಿದ ಉತ್ತರ ಕೊಟ್ಟು ಎಲ್ಲಿ ಹಳಿ ತಪ್ಪಿತು ಅಂತ ಕೇಳಿ. ಬರೀ ಡಿಫರೆನ್ಶಿಯೇಟ್ ಮಾಡೋದನ್ನ ಈಗ ಫೋನೇ ಮಾಡತ್ತೆ, ಫೋನಿಗೆ ಬರದಿರೋದನ್ನ ಕೇಳೋಣ.

ಕೊನೆಗೆ ನಿಮ್ಮ ಸೀನಿಯರ್ಸ್. ಅವರ ಭಯ ಸುಳ್ಳಲ್ಲ, ನಾನೂ ಪೋರ್ಷನ್ ಹಿಂದೆ ಓಡಿದವನೇ. ಆದ್ರೆ ಅವರಿಗೆ ಎರಡು ವಿಷಯ ಹೇಳಬಹುದು. ಒಂದು, ವಿಜ್ಞಾನ, ಇಂಜಿನಿಯರಿಂಗ್, ಗಣಿತದ ಕಾಲೇಜು ಕ್ಲಾಸುಗಳ ಮೇಲಿನ 225 ಸ್ಟಡಿಗಳನ್ನ ಒಟ್ಟಿಗೆ ಹಾಕಿ 2014ರಲ್ಲಿ ಲೆಕ್ಕ ಮಾಡಿದಾಗ, ಬರೀ ಲೆಕ್ಚರ್ ಕೇಳಿದವರಲ್ಲಿ 33.8 ಪರ್ಸೆಂಟ್ ಫೇಲು, ಕ್ಲಾಸಲ್ಲೇ ತಾವು ಕೆಲಸ ಮಾಡಿದವರಲ್ಲಿ 21.8. ಅಂದ್ರೆ ಬೋರ್ಡ್ ಮುಗಿಸೋದು ಬೇರೆ, ಮಕ್ಕಳಿಗೆ ಮುಗಿಯೋದು ಬೇರೆ. ಇನ್ನೊಂದು, ದುರ್ಬಲ ಮಕ್ಕಳಿಗೆ ಸುಲಭದ ಲೆಕ್ಕ ಕೊಡೋದೇ ದಾರಿ ಅಂತ ನಾವೆಲ್ಲಾ ನಂಬಿದ್ದೀವಲ್ಲ, ಯೂರಿ ಟ್ರೈಸ್ಮನ್ ಅನ್ನೋ ಗಣಿತದವರು 1970ರ ದಶಕದ ಕೊನೆಗೆ ಅಮೆರಿಕಾದ ಬರ್ಕ್ಲಿ ಯೂನಿವರ್ಸಿಟಿಯಲ್ಲಿ (ಆ ಪಾದ್ರಿ ಹೆಸರೇ ಊರಿಗೆ ಇಟ್ಟಿರೋದು, ನೋಡಿ ತಮಾಷೆ) ಕ್ಯಾಲ್ಕುಲಸ್‌ನಲ್ಲಿ ಹಿಂದೆ ಬೀಳ್ತಿದ್ದ ಮಕ್ಕಳು ಮನೆಯಲ್ಲಿ ಒಂಟಿಯಾಗಿ ಕೂತು ಓದ್ತಿದ್ರು, ಚೆನ್ನಾಗಿ ಮಾಡ್ತಿದ್ದವರು ಗುಂಪಲ್ಲಿ ಜಗಳ ಆಡ್ತಾ ಓದ್ತಿದ್ರು ಅಂತ ಗಮನಿಸಿದ್ರು. ಅವರು ರೆಮಿಡಿಯಲ್ ಕ್ಲಾಸ್ ಮಾಡ್ಲಿಲ್ಲ, ಉಲ್ಟಾ ಕಷ್ಟದ ಲೆಕ್ಕಗಳನ್ನೇ ಕೊಟ್ಟು ಗುಂಪಲ್ಲಿ ಕೂರಿಸಿದ್ರು, ಆ ಮಕ್ಕಳು ಮೇಲೆ ಬಂದ್ರು.

ಟೈಮ್ ಲೆಕ್ಕ ನನ್ನ ಕ್ಲಾಸಿಂದ ಹೇಳ್ತೀನಿ. ಮೊದಲ ಹತ್ತು ಪೀರಿಯಡ್ ಸ್ಪೀಡು, ತೊಟ್ಟಿ, ಬಾಟಲಿ, ಚೌಕಕ್ಕೆ ಹೋಗತ್ತೆ, ಆಗ ಪಕ್ಕದ ಸೆಕ್ಷನ್‌ನವರು ನಮಗಿಂತ ಒಂದೂವರೆ ಚಾಪ್ಟರ್ ಮುಂದೆ ಇರ್ತಾರೆ, ಸ್ಟಾಫ್ ರೂಮಲ್ಲಿ ಒಂದೆರಡು ಮಾತು ಕೇಳ್ಬೇಕಾಗತ್ತೆ. ಅಪ್ಲಿಕೇಶನ್ ಆಫ್ ಡೆರಿವೇಟಿವ್ಸ್ ಬಂದಾಗ ನಾವು ಅವರನ್ನ ಹಿಡೀತೀವಿ, ಯಾಕಂದ್ರೆ ರೇಟ್ ಅಂದ್ರೇನು, ಮ್ಯಾಕ್ಸಿಮಮ್‌ನಲ್ಲಿ ಸ್ಲೋಪ್ ಯಾಕೆ ಸೊನ್ನೆ ಅಂತ ಮತ್ತೆ ಮೊದಲಿಂದ ಹೇಳೋದು ಇರಲ್ಲ. ಮೊದಲ ವರ್ಷ ನಿಮಗೆ ಬಿಗಿ ಆಗತ್ತೆ, ಎಲ್ಲವನ್ನೂ ಒಟ್ಟಿಗೆ ಹಿಡ್ಕೋಬೇಡಿ. ಈ ವರ್ಷಕ್ಕೆ 3ನೇ ಸೆಕೆಂಡಿನ ಸ್ಪೀಡು ಮತ್ತೆ ನೀರಿನ ತೊಟ್ಟಿ ಎರಡೇ ಮಾಡಿ ನೋಡಿ, ಚೀಟಿಗಳನ್ನ ಮಾತ್ರ ಎಸೀಬೇಡಿ, ಮುಂದಿನ ವರ್ಷದ ಪಾಠಕ್ಕೆ ಅವೇ ನೋಟ್ಸು.